ನಮ್ಮ ಶಾಲೆಯ ಮೂರನೇ ನರಸಿಂಹ

ಒಂದೇ ಹೆಸರಿನವರು ಇಬ್ಬರು ಒಂದು ಕಡೆ ಸೇರಿದರೆ ಏನಾದರೊಂದು ಆಗಿಯೇ ತೀರುತ್ತದೆ. ನಮ್ಮ ಹಾಸನದ ಸೀಮೆಯಲ್ಲಿ ಇಬ್ಬರಲ್ಲ, ಊರಿಗೆ ಊರೇ ಸೇರುತ್ತಿತ್ತು. ಹಾಗಾಗಿ ದಿನಬೆಳಗಾದರೆ ಏನಾದರೊಂದು ಆಗುತ್ತಲೇ ಇತ್ತು.

ಕಾರಣ ದೊಡ್ಡದೇನಲ್ಲ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ತಾತನ ಹೆಸರು. ಹಂಡೆ, ಒರಳುಕಲ್ಲು, ಹೆಸರು, ಈ ಮೂರನ್ನೂ ಹೊಸದಾಗಿ ತರುವ ಪದ್ಧತಿ ನಮ್ಮಲ್ಲಿರಲಿಲ್ಲ. ತಾತನದೇ ನಡೆಯುತ್ತಿತ್ತು. ಆಗ ನಮ್ಮನ್ನಾಳುತ್ತಿದ್ದ ಮಹಾರಾಜರೇ ಅವರ ಹೆಸರಿನಲ್ಲಿ ನಾಲ್ಕನೆಯವರು. ಇನ್ನು ನಮ್ಮದೇನು!

ನನ್ನ ಹೆಸರು ನರಸಿಂಹಯ್ಯ. ನಮ್ಮ ತಾತನದೂ ಅದೇ. ಸ್ಕೂಲು ಮೇಷ್ಟ್ರಾಗಿ ನಾನು ವರ್ಗವಾಗಿ ಹೋದ ಕಡೆಯೆಲ್ಲ ನನ್ನ ಹೆಸರಿನವನೊಬ್ಬ ನನಗಿಂತ ಮೊದಲೇ ಬಂದು ಕೂತಿರುತ್ತಿದ್ದ. ಈಗ ಕೂತು ನೆನೆಸಿಕೊಂಡರೆ ಪಾಠ ಮಾಡಿದ್ದು ಒಂದೂ ನೆನಪಿಲ್ಲ, ಈ ಹೆಸರಿನ ಫಜೀತಿಗಳಷ್ಟೇ ಉಳಿದಿವೆ.

೧. ಅವರ ಮನೆ ವಿಷಯ

ನನ್ನ ಮೊದಲ ಕೆಲಸ ಅರಕಲಗೂಡಿನ ಮಿಡ್ಲ್ ಸ್ಕೂಲಿನಲ್ಲಿ. ಆಗ ನನಗೆ ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೆ ಕೋಟು, ರುಮಾಲು ಎರಡೂ ಬಂದಿದ್ದವು. ಹೊಸಬ ಎಂದು ಚರಿತ್ರೆಯ ಪಾಠವನ್ನು ನನ್ನ ತಲೆಗೆ ಕಟ್ಟಿದರು. ಹೊಯ್ಸಳರಲ್ಲಿ ನರಸಿಂಹ ಎಂಬ ರಾಜರು ಮೂವರು, ಬಲ್ಲಾಳ ಎಂಬ ರಾಜರೂ ಮೂವರು. ಅವರನ್ನೆಲ್ಲ ಬೋರ್ಡಿನ ಮೇಲೆ ಒಬ್ಬರ ಕೆಳಗೊಬ್ಬರಂತೆ ಬರೆದು ಗೆರೆ ಎಳೆದು ಮುಗಿಸುವಷ್ಟರಲ್ಲಿ ಯಾರು ಯಾರ ಮಗ ಎಂಬುದು ನನಗೇ ಮರೆತುಹೋಗಿತ್ತು.

ಮಲ್ಲಿಪಟ್ಟಣದ ಕಡೆಯಿಂದ ಬಂದು ನೆಂಟರ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಹುಡುಗನೊಬ್ಬ ಎದ್ದು ನಿಂತ.

"ಸಾ, ಅವ್ರು ರಾಜ್ರಲ್ವಾ ಸಾ?"

"ಹೌದು, ರಾಜರು."

"ಅಷ್ಟೊಂದು ಐಶ್ವರ್ಯ ಮಡಿಕಂಡಿದ್ರೂ ಬ್ಯಾರೆ ಎಸ್ರು ಸಿಗ್ಲಿಲ್ವಾ ಸಾ?"

ಕ್ಲಾಸು ಗೊಳ್ಳೆಂದಿತು. ನಾನು ಸೋಲಬಾರದಲ್ಲ. "ನಿನ್ನ ಹೆಸರು ಯಾರದೋ?" ಎಂದು ಕೇಳಿದೆ.

"ನಮ್ ತಾತಂದು ಸಾ."

"ಅವರದೂ ಅವರ ತಾತಂದೇ. ಕೂತ್ಕೋ."

ಹುಡುಗ ಕೂತ, ಆದರೆ ಬಹಳ ಯೋಚನೆ ಮಾಡುತ್ತಾ ಕೂತ. ಪರೀಕ್ಷೆ ಬಂತು. ಮೂವರು ನರಸಿಂಹರ ವಿಷಯ ಬರೆಯಿರಿ ಎಂದು ಪ್ರಶ್ನೆ ಕೊಟ್ಟಿದ್ದೆ. ಅವನು ಬರೆದ ಉತ್ತರ ಇಷ್ಟು: "ಒಂದನೇ ನರಸಿಂಹನು ಎರಡನೇ ನರಸಿಂಹನ ತಾತ. ಎರಡನೇ ನರಸಿಂಹನು ಮೂರನೇ ನರಸಿಂಹನ ತಾತ. ಇದಕ್ಕಿಂತ ಜಾಸ್ತಿ ಇನ್ನೊಬ್ಬರ ಮನೆ ವಿಷಯ ಮಾತಾಡಬಾರದು ಎಂದು ನಮ್ಮವ್ವ ಹೇಳವ್ರೆ."

೨. ಹಾಡುವ ನರಸಿಂಹಯ್ಯ

ಅರಕಲಗೂಡಿನಿಂದ ಹಾಸನಕ್ಕೆ ವರ್ಗವಾಯಿತು. ಅಲ್ಲಿ ಒಂದು ವಠಾರದ ಕೋಣೆಯಲ್ಲಿ ನಾನೂ ಡ್ರಾಯಿಂಗ್ ಮೇಷ್ಟ್ರೂ ಇದ್ದೆವು. ಅವರೂ ಬ್ರಹ್ಮಚಾರಿ, ಅವರೂ ನರಸಿಂಹಯ್ಯ. ಆದರೆ ಅವರು ಹಾಡುತ್ತಿದ್ದರು. ಸ್ನಾನಕ್ಕೆ ಹೋದರೆ ವಠಾರದ ಹೆಂಗಸರು ಬಿಂದಿಗೆ ಕೆಳಗಿಟ್ಟು ಕೇಳಬೇಕು, ಅಂಥ ಶಾರೀರ. ನಾವು ಕಾಫಿ ಕುಡಿಯುತ್ತಿದ್ದ ಹೋಟೆಲಿನ ಯಜಮಾನರು ನಮ್ಮಿಬ್ಬರನ್ನು ಹಾಡೋ ನರಸಿಂಹಯ್ಯ, ಸುಮ್ಮನಿರೋ ನರಸಿಂಹಯ್ಯ ಎಂದು ಬೇರೆ ಮಾಡಿಕೊಂಡಿದ್ದರು. ಸುಮ್ಮನಿರುವವನು ನಾನು.

ಚನ್ನರಾಯಪಟ್ಟಣದಿಂದ ಒಬ್ಬರು ತಮ್ಮ ಮಗಳಿಗೆ ಗಂಡು ವಿಚಾರಿಸಲು ಬಂದರು. ಜಾತಕ ಬಂದಿದ್ದು ನನ್ನದು. ಅವರು ಜಾಣರು, ನೇರವಾಗಿ ನನ್ನ ಹತ್ತಿರ ಬರದೆ ಹೋಟೆಲಿನಲ್ಲಿ ಕೂತು ಮೆಲ್ಲಗೆ ಕೇಳಿದ್ದಾರೆ: "ನರಸಿಂಹಯ್ಯ ಮೇಷ್ಟ್ರು ಹೇಗೆ?" ಯಜಮಾನರು ಕಣ್ಣು ಮುಚ್ಚಿ ತಲೆ ತೂಗಿ, "ಆಹಾ! ಅವರು ತೋಡಿ ಎತ್ತಿಕೊಂಡರೆ ನನ್ನ ಹಾಲು ಉಕ್ಕಿಹೋದದ್ದೂ ಗೊತ್ತಾಗೋದಿಲ್ಲ ಸ್ವಾಮಿ" ಎಂದಿದ್ದಾರೆ. ಬಂದವರು ಸಂಗೀತದ ಹುಚ್ಚಿನವರು. ಅಷ್ಟಕ್ಕೇ ಎದ್ದು ಊರಿಗೆ ಹೋಗಿ, ಹೆಣ್ಣು ನೋಡಲು ಬನ್ನಿ ಎಂದು ಹೇಳಿಕಳಿಸಿದರು.

ನಾನು ಹೋದೆ. ಹುಡುಗಿ ಒಂದು ದೇವರನಾಮ ಹಾಡಿದಳು. ಉಪ್ಪಿಟ್ಟು ಬಂತು. ಆಮೇಲೆ ಅವಳ ತಂದೆ ಕೈಮುಗಿದು, "ಈಗ ತಮ್ಮದೊಂದು ಆಗಲಿ" ಎಂದರು.

"ನನಗೆ ಹಾಡು ಬರೋದಿಲ್ಲ" ಎಂದೆ.

"ನೋಡಿದ್ರಾ ವಿನಯ!" ಎಂದು ಅವರು ಸುತ್ತ ಕೂತ ನೆಂಟರಿಗೆ ಹೇಳಿದರು. ನಾನು ಎಷ್ಟು ಬೇಡವೆಂದರೆ ಅಷ್ಟು ವಿನಯವಾಯಿತು. ಒಬ್ಬರು ಹೋಗಿ ಪಕ್ಕದ ಮನೆಯವರನ್ನೂ ಕರೆದುತಂದರು. ಇನ್ನು ತಪ್ಪಿಸಿಕೊಳ್ಳುವ ದಾರಿ ಕಾಣದೆ ಕಣ್ಣು ಮುಚ್ಚಿಕೊಂಡೆ. ಬಾಯಿಗೆ ಬಂದದ್ದು ಹೊಯ್ಸಳರ ವಂಶಾವಳಿ ಒಂದೇ. ಅದನ್ನೇ ಹುಡುಗರು ಮಗ್ಗಿ ಹೇಳುವ ರಾಗದಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಎರಡನೇ ನರಸಿಂಹನ ಹತ್ತಿರ ಬರುವಾಗ ಸ್ವರ ಸೀಳಿಹೋಯಿತು. ಮುಗಿದ ಮೇಲೆ ನಡುಮನೆಯವರೆಲ್ಲ ಉಪ್ಪಿಟ್ಟಿನ ತಟ್ಟೆ ನೋಡತೊಡಗಿದರು. ಅಡಿಗೆಮನೆಯ ಬಾಗಿಲ ಹಿಂದೆ ಮಾತ್ರ ಯಾರೋ ಬಾಯಿಗೆ ಸೆರಗು ತುರುಕಿಕೊಂಡು ನಗುವುದು ಕೇಳಿಸಿತು.

ಹೋಟೆಲಿನ ಮಾತು ಬೇರೆ ನರಸಿಂಹಯ್ಯನದು ಎಂದು ಆಮೇಲೆ ಗೊತ್ತಾಯಿತು. ಹುಡುಗಿಯ ತಂದೆ ಆ ಹಾಡುವವರನ್ನೇ ಕೇಳೋಣವೆಂದು ಹೊರಟರಂತೆ. ಹುಡುಗಿ ತಡೆದಳು. "ಹಾಡುವವರಾದರೆ ದಿನಾ ಹಾಡ್ತಾರೆ ಅಪ್ಪ. ಇವರು ಜನ್ಮದಲ್ಲಿ ಇನ್ನೊಂದು ಸಲ ಹಾಡೋದಿಲ್ಲ. ಇವರೇ ಸಾಕು" ಎಂದಳಂತೆ.

೩. ಹೊಳೆನರಸೀಪುರದ ರಾಜವಂಶ

ಮದುವೆಯಾಗಿ ಸಂಸಾರ ಸಮೇತ ಹೊಳೆನರಸೀಪುರಕ್ಕೆ ಹೋದೆ. ಊರ ದೇವರೇ ನರಸಿಂಹ. ಜಾತಿ ಪಂಗಡ ಎನ್ನದೆ ಊರಿನ ಅರ್ಧ ಗಂಡಸರಿಗೆ ಅದೇ ಹೆಸರು. ನಮ್ಮ ಸ್ಕೂಲಿನ ಹೆಡ್‌ಮಾಸ್ತರರು ನರಸಿಂಹ, ಗಂಟೆ ಹೊಡೆಯುವ ಜವಾನ ನರಸಿಂಹ, ನಾನು ನರಸಿಂಹ. ಹೆಡ್‌ಮಾಸ್ತರರ ಹೆಂಡತಿಯ ತಮ್ಮ ಬಂದು ಬಾಗಿಲಲ್ಲಿ "ನರಸಿಂಹ ಇದಾರಾ?" ಎಂದರೆ ಜವಾನ ಗಂಟೆ ಹೊಡೆಯುವ ಕೊಡತಿ ಹಿಡಿದೇ ಓಡಿಬರುತ್ತಿದ್ದ.

ನನ್ನ ಕ್ಲಾಸಿನಲ್ಲಿ ಮೂವರು ನರಸಿಂಹರಿದ್ದರು. ಹಾಜರಿ ಕೂಗಿದರೆ ಮೂವರೂ ಒಟ್ಟಿಗೆ "ಬಂದಿವ್ನಿ ಸಾ" ಎನ್ನುವರು. ಒಬ್ಬ ಬಾರದಿದ್ದರೆ ಉಳಿದಿಬ್ಬರು ಅವನ ಪಾಲಿನದೂ ಸೇರಿಸಿ ಎನ್ನುವರು. ಕೊನೆಗೆ ಚರಿತ್ರೆಯ ದಾರಿ ಹಿಡಿದೆ. ಸ್ಕೂಲಿಗೆ ಸೇರಿದ ಕ್ರಮದಲ್ಲಿ ಒಂದನೇ ನರಸಿಂಹ, ಎರಡನೇ ನರಸಿಂಹ, ಮೂರನೇ ನರಸಿಂಹ ಎಂದು ಪಟ್ಟ ಕಟ್ಟಿದೆ. ಹುಡುಗರು ಅದನ್ನು ನಿಜವೆಂದೇ ತಗೊಂಡರು. ಬಾವಿಕಟ್ಟೆಯ ಹತ್ತಿರ ಮೊದಲು ನೀರು ಕುಡಿಯುವ ಹಕ್ಕು ಯಾವ ರಾಜನದು ಎಂಬುದರ ಮೇಲೆ ವಾರಕ್ಕೊಂದು ಯುದ್ಧ ನಡೆಯುತ್ತಿತ್ತು.

ಮೂರನೇ ನರಸಿಂಹ ಹೊಳೆಯ ದಡದ ಗೌಡರೊಬ್ಬರ ಮೊಮ್ಮಗ. ಸಣ್ಣ ಹುಡುಗ, ಗುಂಗುರು ಕೂದಲು, ಕೇಳಿದರೆ ಮಾತ್ರ ಮಾತು. ಒಂದು ಬೆಳಗ್ಗೆ ಆ ಗೌಡರು ದೊಣ್ಣೆ ಊರಿಕೊಂಡು ನೇರ ಕ್ಲಾಸಿನೊಳಕ್ಕೇ ಬಂದರು. ಅವರ ಮೀಸೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಬಂತು.

"ಏನ್ ಮೇಷ್ಟ್ರೇ, ನಮ್ ಐದನ್ನ, ನನ್ ಮೊಮ್ಮಗನ್ನ, ಮೂರ್ನೇಯವ್ನು ಅಂದ್ರಂತೆ? ಯಾವನಿಂದ ಇಂದ್ಗಡೆ ಮೂರ್ನೇಯವ್ನು? ನಮ್ ಮನೆತನ ಯಾವತ್ತಾದ್ರೂ ಮೂರ್ನೇದು ಆಗದ?"

"ಕೂತ್ಕೊಳ್ಳಿ ಗೌಡರೇ" ಎಂದು ನನ್ನ ಕುರ್ಚಿಯನ್ನೇ ಕೊಟ್ಟೆ. ಇದು ಅವಮಾನವಲ್ಲ, ದೊಡ್ಡ ರಾಜರ ಕ್ರಮ, ಅವರಲ್ಲೂ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಿದ್ದರು, ಹಾಗಾಗಿ ಒಂದು, ಎರಡು, ಮೂರು ಎಂದು ಲೆಕ್ಕ, ಎಂದು ಬಿಡಿಸಿ ಹೇಳಿದೆ. ಗೌಡರು ದೊಣ್ಣೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬೆರಳು ಮಡಿಸಿದರು.

"ನಮ್ ತಾತ ನರಸಿಂಗ. ನಾನು ನರಸಿಂಗ. ಈ ಐದ ನರಸಿಂಗ." ಮಡಿಸಿದ ಬೆರಳುಗಳನ್ನು ಇನ್ನೊಂದು ಸಲ ಎಣಿಸಿದರು. "ಅಲ್ಲಾ ಮೇಷ್ಟ್ರೇ, ಸರ್ಯಾಗೇ ಅದಲ್ಲ! ನಮ್ಮನೆ ಲೆಕ್ಕ ನಿಮ್ಗೆ ಯಾರ್ ಏಳುದ್ರು?"

ಎದ್ದು ಹೋಗುವಾಗ ಮೊಮ್ಮಗನ ತಲೆ ಸವರಿ, "ಅಂಗಾರೆ ಆ ರಾಜ್ರೂ ನಮ್ಮಂಗೇ ಅನ್ನಿ" ಎಂದರು. ಮಾರನೆಯ ದಿನ ಒಂದು ಬಾಳೆಗೊನೆ ಬಂತು. ಹೊತ್ತು ತಂದ ಆಳು ಅದನ್ನು ನನ್ನ ಮೇಜಿನ ಮೇಲಿಟ್ಟು, ಹೇಳಿಕೊಟ್ಟದ್ದನ್ನು ಒಪ್ಪಿಸಿದ: "ಎರಡ್ನೇ ನರಸಿಂಗನ ತ್ವಾಟದ್ದು ಅಂತ ಏಳ್ಬೇಕಂತೆ ಸಾ."

೪. ರೇಷನ್ ಸಾಲು

ಯುದ್ಧದ ಕಾಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ರೇಷನ್ ಕಾರ್ಡು ಬಂತು. ಕಾರ್ಡು ಬರೆಸಿಕೊಳ್ಳಲು ಹೆಂಗಸರೆಲ್ಲ ಸಾಲು ನಿಂತರು. ನಾನು ಸ್ಕೂಲಿನಲ್ಲಿದ್ದೆ, ನನ್ನ ಹೆಂಡತಿ ಹೋಗಿದ್ದಳು. ಅವಳು ಬಂದು ಹೇಳಿದ್ದನ್ನೇ ಹೇಳುತ್ತೇನೆ.

ಗುಮಾಸ್ತ ತಲೆ ಎತ್ತದೆ, "ಯಜಮಾನರ ಹೆಸರು?" ಎಂದನಂತೆ. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದು ಹೇಗೆ? ಇವಳು ಮೆಲ್ಲಗೆ, "ಕಂಬದಿಂದ ಬಂದವರದು" ಎಂದಳಂತೆ.

"ಗೊತ್ತಾಯ್ತು ತಾಯಿ. ಆದರೆ ಯಾರಾದರೂ ಬಾಯಿಬಿಟ್ಟು ಹೇಳಬೇಕು, ರೂಲು."

ಇವಳು ಹಿಂದೆ ನಿಂತಿದ್ದ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಧೈರ್ಯವಾಗಿ ಮುಂದೆ ಬಂದು, "ನಾ ಏಳ್ತೀನಿ ಬರ್ಕಳಪ್ಪ" ಎಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. "ಅಯ್ಯೋ, ನಮ್ಮನೆಯೋರ್ದೂ ಅದೇ ಅಲ್ವಾ!" ಅವಳ ಹಿಂದಿನವಳ ಗಂಡನದೂ ಅದೇ. ಆಕೆಯ ಹಿಂದೆ ನಿಂತಿದ್ದವಳು ಹೊಳೆದಡದ ಗೌಡರ ಸೊಸೆ, ನಮ್ಮ ಮೂರನೇ ನರಸಿಂಹನ ತಾಯಿ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು, "ನಿಮ್ಗೆಲ್ಲ ಗಂಡಂದು ಒಂದೇ ಕಣವ್ವ. ನಂಗೆ ಮಾವಂದೂ ಅದೇ, ಮಗಂದೂ ಅದೇ. ದೇವಸ್ಥಾನಕ್ ಓದ್ರೂ ದೇವ್ರೇ ಅಂತ ಅಷ್ಟೇ ಅನ್ನೋದು" ಎಂದಳಂತೆ. ಹೀಗೆ ಸಾಲಿನ ಬಾಲದವರೆಗೂ ಹೋದರೂ ಆ ಹೆಸರನ್ನು ಹೇಳುವ ಹೆಂಗಸು ಒಬ್ಬಳೂ ಸಿಕ್ಕಲಿಲ್ಲ.

ಗುಮಾಸ್ತನಿಗೆ ರೇಗಿತು. "ಒಬ್ಬರಾದರೂ ಹೇಳ್ರಮ್ಮ! ರೂಲು ಅಂದರೆ ರೂಲು. ಮಹಾರಾಣಿಯೇ ಬಂದರೂ ಹೇಳಲೇಬೇಕು!" ಎಂದು ಎದ್ದು ನಿಂತು ಕೂಗಿದ. ಆಗ ಸಾಲಿನ ನಡುವಿನಿಂದ ಒಬ್ಬಾಕೆ ಚೀಲ ಹಿಡಿದುಕೊಂಡು ಮುಂದೆ ಬಂದಳು. ಬಂದವಳು ಅವನ ಹೆಂಡತಿ. ಗುಮಾಸ್ತ ಅವಳನ್ನು ನೋಡಿ ಸ್ವಲ್ಪ ಇಳಿದ, ಆದರೆ ಅಷ್ಟು ಜನರ ಎದುರಿಗೆ ಬಿಡುವಂತೆಯೂ ಇರಲಿಲ್ಲ.

"ಯಜಮಾನರ ಹೆಸರು?" ಎಂದ ಮೆಲ್ಲಗೆ.

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಮನೆಗೆ ಬನ್ನಿ, ಹೇಳ್ತೀನಿ" ಎಂದಳು.

೫. ರಾಣಿಯರು ಏನೆಂದು ಕೂಗುತ್ತಿದ್ದರು

ಇದಾದ ಕೆಲವು ದಿನಕ್ಕೆ ಗೌಡರ ಆ ಸೊಸೆ ಸ್ಕೂಲಿನ ಬಾಗಿಲಿಗೆ ಬಂದಳು. ಅವಳ ತೌರು ದುದ್ದ. ತಾಯಿಗೆ ಮೈ ಸರಿಯಿಲ್ಲವೆಂದು ಸುದ್ದಿ ಬಂದಿತ್ತು. ಹುಡುಗನನ್ನು ಕರೆದುಕೊಂಡು ಹೊರಡಬೇಕಿತ್ತು.

"ಸಾ, ನಮ್ ಐದನ್ನ ಕಳಸ್ತೀರಾ?"

ಯಾರೆಂದು ಗೊತ್ತಿದ್ದೂ ನಾನು ತಮಾಷೆಗೆ, "ಯಾರಮ್ಮ, ಹೆಸರು?" ಎಂದೆ.

ಅವಳು ಸೋಲುತ್ತಾಳೆ ಎಂದುಕೊಂಡಿದ್ದೆ. ಆದರೆ ಮುಖ ಅರಳಿತು. "ಮೂರ್ನೇದು ಸಾ!" ಎಂದಳು. ಆಮೇಲೆ ನನಗೆ ಕೈಮುಗಿದು, "ಭಾಳ ಉಪ್ಕಾರ ಆಯ್ತು ಸಾ ನಿಮ್ಮಿಂದ. ಈಗ ಕರ್ಯಕ್ಕೆ ಒಂದು ಅಂತ ಆಯ್ತು" ಎಂದಳು.

ಅವಳ ಮಾತು ಕೇಳುತ್ತಾ ನನ್ನ ತಮಾಷೆ ಇಳಿದುಹೋಯಿತು. ಈ ಮನೆಗೆ ಬಂದ ದಿನವೇ ಮಾವ ಹೇಳಿದ್ದರಂತೆ, ನನ್ನ ಹೆಸರು ಈ ಮನೆಯಲ್ಲಿ ಹೆಣ್ಣಿನ ಬಾಯಿಂದ ನೆಲಕ್ಕೆ ಬೀಳಬಾರದು ಎಂದು. ಮಗ ಹುಟ್ಟಿದ. ತಾತನ ಹೆಸರು ಇಟ್ಟರು. ಅಲ್ಲಿಗೆ ಅವಳ ಬಾಯಿ ಕಟ್ಟಿತು. ಕೂಸೇ ಎಂದಳು, ಮಗಾ ಎಂದಳು, ಇವ್ನೇ ಎಂದಳು, ಸಿಟ್ಟು ಬಂದಾಗ ಇನ್ನೂ ಏನೇನೋ ಎಂದಳು. ಹೆಸರು ಮಾತ್ರ ಬರಲಿಲ್ಲ.

"ಕರೂಗೂ ಒಂದ್ ಎಸ್ರಿಟ್ಟು ಕೂಗ್ತೀವಿ ಸಾ. ನಾ ಎತ್ತ ಮಗನ್ನ ಒಂದ್ಸಲನಾದ್ರೂ ಎಸ್ರಿಡ್ದು ಬಾಯ್ತುಂಬ ಕರೀಬೇಕು ಅಂತ ಆಸೆ. ಸಾಯದ್ರೊಳಗೆ ಒಂದೇ ಒಂದ್ಸಲ ಸಾಕು." ಹೀಗೆಂದವಳು ಕಣ್ಣೊರೆಸಿಕೊಂಡು, ತಟ್ಟನೆ ನೆನಪಾದವಳಂತೆ ಕೇಳಿದಳು: "ಅಲ್ಲಾ ಸಾ, ಆ ರಾಜ್ರ ಮನೇಲೂ ತಾತನ ಎಸ್ರೇ ಅಂದ್ರಂತಲ್ಲ. ಆ ರಾಣೀರು ಮಕ್ಳನ್ನ ಏನಂತ ಕೂಗ್ತಿದ್ರು ಸಾ?"

ನರಸಿಂಹರನ್ನು ಒಂದು, ಎರಡು, ಮೂರು ಎಂದು ಎಣಿಸುತ್ತಾ ಇಷ್ಟು ವರ್ಷ ಕಳೆದಿದ್ದೆ, ಅವರನ್ನು ಊಟಕ್ಕೆ ಕರೆಯಲು ಒಬ್ಬ ತಾಯಿ ಇದ್ದಳು ಎಂಬುದು ತಲೆಗೇ ಬಂದಿರಲಿಲ್ಲ. ಇದ್ದ ಪುಸ್ತಕಗಳನ್ನೆಲ್ಲ ತೆರೆದು ನೋಡಿದೆ. ಯುದ್ಧ ಇತ್ತು, ದೇವಸ್ಥಾನ ಇತ್ತು, ಇದು ಇರಲಿಲ್ಲ. ಸ್ಕೂಲಿನ ತನಿಖೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ಅವರನ್ನೇ ಕೇಳಿಬಿಟ್ಟೆ. ಅವರು ಚರಿತ್ರೆಯಲ್ಲೇ ಎಂ.ಎ. ಮಾಡಿದವರು. ರುಮಾಲು ಸರಿಮಾಡಿಕೊಂಡರು, ಸೂರು ನೋಡಿದರು, ಎಳನೀರು ತರಿಸಿ ಕುಡಿದರು. ಜಟಕಾ ಹತ್ತುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅದು ಪೋರ್ಷನ್ನಿಗೆ ಬರೋದಿಲ್ಲ ಮೇಷ್ಟ್ರೇ, ಬಿಟ್ಟುಬಿಡಿ" ಎಂದರು.

೬. ಬೆಳಗೊಳದಲ್ಲಿ ಎರಡು ಓಗೊಡುವಿಕೆ

ಆ ವರ್ಷ ಮಕ್ಕಳನ್ನು ಶ್ರವಣಬೆಳಗೊಳ ತೋರಿಸಲು ಕರೆದುಕೊಂಡು ಹೋಗುವುದೆಂದು ಗೊತ್ತಾಯಿತು. ಪೆಟ್ರೋಲು ಸಿಗದ ಕಾಲ, ಇದ್ದಿಲು ಗ್ಯಾಸಿನ ಬಸ್ಸು. ಏರು ಬಂದರೆ ನಾವೆಲ್ಲ ಇಳಿದು ತಳ್ಳಬೇಕು, ಇಳಿಜಾರು ಬಂದರೆ ಓಡಿಹೋಗಿ ಹತ್ತಬೇಕು. ಹಿಂದಿನ ದಿನ ಕ್ಲಾಸಿನಲ್ಲಿ ನಾನು, ಅಲ್ಲಿ ಚಿಕ್ಕಬೆಟ್ಟದ ಬಂಡೆಗಳ ಮೇಲೆಲ್ಲ ಹಳಗಾಲದ ರಾಜರು, ದೊಡ್ಡವರು, ಇವರ ಹೆಸರು ಕೆತ್ತಿದ್ದಾರೆ ಎಂದು ಹೇಳಿದ್ದೆ. ಆ ಮಾತು ಹೊಳೆದಡಕ್ಕೂ ಮುಟ್ಟಿತು. ಬೆಳಗ್ಗೆ ಬಸ್ಸಿನ ಹತ್ತಿರ ಗೌಡರು ಹೊಸ ರುಮಾಲು ಸುತ್ತಿಕೊಂಡು ನಿಂತಿದ್ದರು. "ಬಂಡೆ ಮ್ಯಾಲೆ ನಮ್ಮೆಸ್ರು ಬರ್ದವ್ರಂತಲ್ಲ, ನೋಡ್ಬ್ಯಾಡ್ವಾ?" ಎಂದರು. ಬುತ್ತಿ ಹೊತ್ತುಕೊಂಡು ಸೊಸೆಯೂ ಬಂದಿದ್ದಳು. ನನ್ನ ಹೆಂಡತಿಯೂ, ಊರಿನ ಇನ್ನು ಕೆಲವರೂ ಹತ್ತಿದರು.

ದೊಡ್ಡಬೆಟ್ಟ ಹತ್ತಿ ಇಳಿದದ್ದಾಯಿತು. ಕೆಳಗೆ ಕೊಳದ ಹತ್ತಿರ ಬುತ್ತಿ ಬಿಚ್ಚಿ ತಲೆ ಎಣಿಸಿದರೆ ಒಂದು ತಲೆ ಕಡಿಮೆ. ಒಂದನೇ ನರಸಿಂಹ ಇದ್ದ, ಎರಡನೇ ನರಸಿಂಹ ಇದ್ದ, ಮೂರನೆಯವನು ಇರಲಿಲ್ಲ.

ಅವತ್ತು ಯಾತ್ರೆಯವರ ಗದ್ದಲ ಬಹಳ. ಗೌಡರು ಮೊದಲು ನಕ್ಕರು, ಇಲ್ಲೇ ಎಲ್ಲೋ ಇರುತ್ತಾನೆ ಎಂದರು. ಆಮೇಲೆ ದೊಣ್ಣೆ ತೆಗೆದುಕೊಂಡು ಅಂಗಡಿ ಬೀದಿಯಲ್ಲಿ ಕೂಗುತ್ತಾ ಹೊರಟರು. "ನರಸಿಂಗಾ! ಲೋ ನರಸಿಂಗಾ!"

ನಮ್ಮ ಬಸ್ಸಿನಲ್ಲಿ ಬಂದವರು ನಾಲ್ಕು ಕಡೆಯಿಂದ "ಓ" ಎಂದರು. ಅಭ್ಯಾಸಬಲದಿಂದ ನಾನೂ ಎಂದೆ.

"ನೀವಲ್ಲ ಕಣ್ರೋ!" ಎಂದು ಗೌಡರು ಎಲ್ಲರಿಗೂ ದೊಣ್ಣೆ ತೋರಿಸಿದರು. ಬತ್ತಾಸು ಮಾರುತ್ತಿದ್ದ ಶೆಟ್ಟರೊಬ್ಬರು ಪಾಪ, ಸಹಾಯಕ್ಕೆ ಬಂದರು.

"ಯಾರು ಕಳೆದೋಗಿದಾರೆ ಯಜಮಾನ್ರೇ?"

"ನರಸಿಂಗ."

"ನಿಮ್ಮ ಹೆಸರು?"

"ನರಸಿಂಗ."

ಶೆಟ್ಟರು ಅವರನ್ನು ಚೆನ್ನಾಗಿ ನೋಡಿ, "ಮತ್ತೆ ಇಲ್ಲೇ ಸಿಕ್ಕಿದೀರಲ್ಲ, ಮನೆಗೆ ಹೋಗಿ" ಎಂದು ಕೈಗೆ ಒಂದು ಬತ್ತಾಸು ಕೊಟ್ಟರು. ಗೌಡರು ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು, "ಏನ್ ಕರ್ಮ ಮೇಷ್ಟ್ರೇ, ನನ್ನ ನಾನೇ ಕೂಕ್ಕಂಡು ಬೀದಿ ಬೀದಿ ತಿರುಗೋಂಗಾಯ್ತಲ್ಲ" ಎಂದರು. ಆಗ ನಮಗೆ ನಗು ಬಂದದ್ದು ನಿಜ.

ಹೊತ್ತು ಇಳಿಯುತ್ತಾ ಬಂತು. ಬಸ್ಸಿನ ಡ್ರೈವರು ಬಂದು ಹೊರಡೋಣವೇ ಎಂದು ಎರಡು ಸಲ ಕೇಳಿ, ನಮ್ಮ ಮುಖ ನೋಡಿ ಹಿಂದಕ್ಕೆ ಹೋದ. ಆಮೇಲೆ ಯಾರಿಗೂ ನಗು ಬರಲಿಲ್ಲ. ಸೊಸೆ ಕೊಳದ ಮೆಟ್ಟಿಲ ಮೇಲೆ ನಿಂತು ನೀರನ್ನೇ ನೋಡುತ್ತಿದ್ದಳು. ಕರೆದುಕೊಂಡು ಬಂದವನು ನಾನು. ಕೂಗಿ ಕೂಗಿ ಗೌಡರ ಗಂಟಲು ಕಟ್ಟಿಹೋಗಿತ್ತು. ಅವರು ಬಾಯಿ ತೆರೆದರೆ ಗಾಳಿ ಬರುತ್ತಿತ್ತೇ ಹೊರತು ಹೆಸರು ಬರುತ್ತಿರಲಿಲ್ಲ.

"ಇನ್ನು ಚಿಕ್ಕಬೆಟ್ಟದ ಕಡೆ ನೋಡಿಲ್ಲ" ಎಂದಳು ನನ್ನ ಹೆಂಡತಿ. ಎಲ್ಲರೂ ಅದರ ಬುಡಕ್ಕೆ ಹೋದೆವು. ಮೇಲೆ ಬೋಳುಬಂಡೆ, ಗುಡಿಗಳ ಗೋಡೆ, ಕೆಂಪು ಬಿಸಿಲು. ಗೌಡರು ಕೈಯನ್ನು ಬಾಯಿಗಿಟ್ಟು ಕೂಗಲು ನೋಡಿದರು. ಆಗಲಿಲ್ಲ. ಕೆಮ್ಮು ಬಂತು.

ಸೊಸೆ ಮಾವನ ಮುಖವನ್ನು ಒಂದು ಸಲ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕಣ್ಣು ಮುಚ್ಚಿಕೊಂಡು, ಹೊಟ್ಟೆಯೊಳಗಿನಿಂದ ಕೂಗಿದಳು.

"ನರಸಿಂಗಾಆ! ಬಾರಪ್ಪಾ ನರಸಿಂಗಾಆ!"

ಅಷ್ಟು ವರ್ಷ ಆ ಮನೆಯಲ್ಲಿ ನೆಲಕ್ಕೆ ಬೀಳದ ಹೆಸರು ಬೆಟ್ಟಕ್ಕೆಲ್ಲ ಕೇಳಿಸಿತ್ತು. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಗೌಡರು ದೊಣ್ಣೆ ಎತ್ತುತ್ತಾರೋ ಏನೋ ಎಂದು ನಾನು ಅವರ ಪಕ್ಕಕ್ಕೆ ಸರಿದೆ.

ಗೌಡರ ದೊಣ್ಣೆ ಕೈಯಿಂದ ಜಾರಿ ಬಿತ್ತು. ಸಣ್ಣ ಹುಡುಗನ ಹಾಗೆ ಎರಡು ಹೆಜ್ಜೆ ಓಡಿ, ಎಲ್ಲಿತ್ತೋ ಆ ಗಂಟಲು, "ಓ! ಬಂದೇ ಕಣವ್ವಾ!" ಎಂದರು.

ಅದೇ ಹೊತ್ತಿಗೆ ಮೇಲಿನ ಬಂಡೆಯ ಹಿಂದಿನಿಂದ ಇನ್ನೊಂದು "ಓ ಅವ್ವಾ!" ಬಂತು. ಗುಂಗುರು ತಲೆಯೊಂದು ಮೇಲೆದ್ದಿತು.

ಹುಡುಗ ಇಳಿದುಬಂದ. ತಾಯಿ ಅವನಿಗೆ ಎರಡು ಬಾರಿಸಿ, ತಬ್ಬಿಕೊಂಡು ಕೂತುಬಿಟ್ಟಳು. ಅಲ್ಲೇನು ಮಾಡುತ್ತಿದ್ದೆ ಎಂದರೆ, "ಬಂಡೆ ಮ್ಯಾಲೆ ಮೂರ್ನೇ ನರಸಿಂಗ ಎಲ್ಲವ್ನೆ ಅಂತ ಉಡುಕ್ತಿದ್ದೆ ಸಾ. ಅಕ್ಷರ ಒಂದೂ ಗೊತ್ತಾಗ್ನಿಲ್ಲ" ಎಂದ.

"ಆಗ್ಲಿಂದ ಊರೆಲ್ಲ ಕೂಗ್ತಾ ಇವ್ನಲ್ಲೋ, ಕೇಳುಸ್ನಿಲ್ವಾ?" ಎಂದರು ಗೌಡರು.

"ಕೇಳುಸ್ತು ತಾತ. ನಿನ್ನ ಯಾರೋ ಕರೀತಾವ್ರೆ ಅನ್ಕಂಡೆ."

ಸೊಸೆಗೆ ಆಗ ತಾನು ಮಾಡಿದ್ದು ನೆನಪಾಯಿತು. ಮಗನನ್ನು ಬಿಟ್ಟು ಬಂದು ಮಾವನ ಕಾಲು ಹಿಡಿದಳು. "ತಪ್ಪಾಯ್ತು ಮಾವಯ್ಯ. ಬಾಯ್ ತಪ್ತು."

ಗೌಡರು ರುಮಾಲಿನ ತುದಿಯಿಂದ ಕಣ್ಣು ಒತ್ತಿಕೊಂಡರು. ಅವರ ದನಿ ಬೇರೆಯೇ ಆಗಿತ್ತು. "ಎದ್ದೇಳವ್ವ. ನಾ ಐದ್ನಾಗಿದ್ದಾಗ ನಮ್ಮವ್ವ ಒಳೆ ದಡದಲ್ಲಿ ನಿಂತ್ಕಂಡು ಇಂಗೇ ಕೂಗೋಳು. ಅವ್ಳು ತೀರ್ಕಂಡ್ ಮ್ಯಾಕೆ ನನ್ನ ಎಸ್ರಿಡ್ದು ಕರ್ಯೋ ಎಂಗಸೇ ಇಲ್ದಂಗಾಗಿತ್ತು. ನಾನೇ ಬ್ಯಾಡ ಅಂದಿದ್ದೆ. ಇವತ್ತು ನಮ್ಮವ್ವನೇ ಕರ್ದಂಗಾಯ್ತು. ಇನ್ಮ್ಯಾಕೆ ದಿನಾ ಕರಿ. ಊರ್ಗೆಲ್ಲ ಕೇಳಂಗೆ ಕರಿ."

ಬಸ್ಸಿನಲ್ಲಿ ಬರುವಾಗ ನನ್ನ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದಳು. ಯಾಕೆ ಎಂದೆ. ಇದ್ದಿಲಿನ ಹೊಗೆ ಎಂದಳು. ನನಗೂ ಅದೇ ಹೊಗೆ ಬಡಿದಿತ್ತು.

ಆಮೇಲೆ ಎಷ್ಟೋ ಸಂಜೆ ನಾನು ಹೊಳೆಯ ಕಡೆ ತಿರುಗಾಡಲು ಹೋಗುವಾಗ ಆ ಕೂಗು ಕೇಳುತ್ತಿದ್ದೆ. ಬೇಕೆಂದೇ ಆ ಹೊತ್ತಿಗೆ ಹೋಗುತ್ತಿದ್ದೆ ಎಂದರೂ ಸರಿಯೆ. ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡುವವಳ ಹಾಗೆ ಅವಳು ಕೂಗುತ್ತಿದ್ದಳು. ಒಂದು ಸಂಜೆ ಗೌಡರು ಜಗಲಿಯ ಮೇಲೆ ಕೂತು ನನ್ನ ಜೊತೆ ಮಾತಾಡುತ್ತಿದ್ದರು. ಹುಡುಗ ಹೊಳೆಯ ಹತ್ತಿರ ಆಡುತ್ತಿದ್ದ. ಒಳಗಿನಿಂದ "ನರಸಿಂಗಾ, ಉಣ್ಣಾಕ್ ಬಾರಪ್ಪಾ!" ಎಂದು ಕೂಗು ಬಂತು.

"ಓ, ಬಂದೇ ಕಣವ್ವ" ಎಂದು ಗೌಡರು ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಒಳಗೆ ಹೋಗಿ ತಟ್ಟೆಯ ಮುಂದೆ ಕೂತರು.

ಸೊಸೆ ನಗು ತಡೆಯಲಾರದೆ, "ಮಾವಯ್ಯ, ನಿಮ್ಮನ್ನಲ್ಲ, ಐದನ್ನ ಕರ್ದಿದ್ದು" ಎಂದಳು.

"ಗೊತ್ತು ಕಣವ್ವ" ಎಂದು ಗೌಡರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮೇಷ್ಟ್ರನ್ನೇ ಕೇಳು ಬೇಕಾದ್ರೆ. ಮೊದ್ಲು ಎರಡ್ನೇ ನರಸಿಂಗ ಉಂಡೇಳ್ಬೇಕು, ಆಮ್ಯಾಕೇ ಮೂರ್ನೇಯವ್ನಿಗೆ ಪಟ್ಟ. ಇಕ್ಕು ಮುದ್ದೆ."